ಕಾಲಿಗೆ ಬಿದ್ದ ಡಾಪ್ಲರ್

ಮೇಷ್ಟ್ರು, ಬಸ್ ಕಂಡಕ್ಟರು, ಟ್ರಾಫಿಕ್ ಪೊಲೀಸು, ದೋಸೆ ಕಾವಲಿಯ ಮುಂದಿನ ಭಟ್ಟರು, ಕ್ಷೌರದಂಗಡಿಯವರು: ಇವರೆಲ್ಲ ಒಂದೇ ಕುಲ. ನಿಂತು ದುಡಿಯುವವರ ಕುಲ. ಮೀನಖಂಡದ ಮೇಲೆ ಸೊಟ್ಟಸೊಟ್ಟಾಗಿ ಎದ್ದು ನಿಂತ ನೀಲಿ ನರವೇ ಈ ಕುಲದ ಲಾಂಛನ. ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಹೇಳುತ್ತಿದ್ದ ನನಗೂ ಅದು ಎಡಗಾಲಿನಲ್ಲಿ ದಕ್ಕಿತು. ಕೂತು ಪಾಠ ಮಾಡಬಹುದಿತ್ತಲ್ಲ ಎನ್ನುವವರು ಪಿಯುಸಿ ಕ್ಲಾಸಿನ ಕೊನೆಯ ಬೆಂಚನ್ನು ನೋಡಿದವರಲ್ಲ.

ನಿವೃತ್ತಿಯಾದ ಮೇಲೆ ಸಂಜೆಯಾದರೆ ಪಾದ ಊದತೊಡಗಿತು. ಒಬ್ಬರು ಹರಳೆಣ್ಣೆ ಹಚ್ಚಿ ಎಂದರು, ಇನ್ನೊಬ್ಬರು ಜಿಗಣೆ ಬಿಡಿಸಿ ಎಂದರು. ನನ್ನ ಹೆಂಡತಿ ಯಾರ ಮಾತನ್ನೂ ಕೇಳದೆ ನೇರ ಸರ್ಜನ್ ಹತ್ತಿರ ಕರೆದುಕೊಂಡು ಹೋದಳು. ಅವರು ಕಾಲನ್ನು ಒಮ್ಮೆ ನೋಡಿ, ಚೀಟಿಯಲ್ಲಿ ಗೀಚಿ ಕೊಟ್ಟರು: ‘ವೀನಸ್ ಡಾಪ್ಲರ್, ಎಡಗಾಲು’.

ಡಾಪ್ಲರ್! ಚೀಟಿ ಹಿಡಿದುಕೊಂಡು ನಾನು ಹಿಗ್ಗಿದ್ದು ನೋಡಿ ಕಾಂಪೌಂಡರ್‌ಗೆ ಗಾಬರಿಯಾಯಿತು. ಸಾಲ್ಜ್‌ಬರ್ಗ್‌ನ ಕಲ್ಲುಕುಟಿಗರ ಮನೆಯ ಹುಡುಗ ಕ್ರಿಸ್ಟಿಯನ್ ಡಾಪ್ಲರ್. ಮೈಯಲ್ಲಿ ಕಸುವಿಲ್ಲ, ಕಲ್ಲು ಒಡೆಯುವುದು ಇವನಿಂದಾಗದು ಎಂದು ಗಣಿತಕ್ಕೆ ಹಾಕಿದರು. 1842ರಲ್ಲಿ ಪ್ರಾಗ್‌ನಲ್ಲಿ ಅವನು ಓದಿದ ಪ್ರಬಂಧ ಇದ್ದದ್ದು ಜೋಡಿ ನಕ್ಷತ್ರಗಳ ಬಣ್ಣದ ಮೇಲೆ. ನಕ್ಷತ್ರದ ವಿಷಯದಲ್ಲಿ ಅವನ ಲೆಕ್ಕ ಅಷ್ಟು ಸರಿಹೋಗಲಿಲ್ಲ, ಆದರೆ ತತ್ತ್ವ ಗಟ್ಟಿಯಾಗಿತ್ತು: ಹತ್ತಿರ ಬರುವುದರ ಸ್ವರ ಏರುತ್ತದೆ, ದೂರ ಹೋಗುವುದರ ಸ್ವರ ಇಳಿಯುತ್ತದೆ. ಅದನ್ನು ಪರೀಕ್ಷಿಸಲು ಹಾಲೆಂಡಿನ ಬೈಸ್ ಬ್ಯಾಲಟ್ 1845ರಲ್ಲಿ ರೈಲಿನ ಮೇಲೆ ತುತ್ತೂರಿ ಊದುವವರನ್ನು ಹತ್ತಿಸಿ, ಹಳಿಯ ಪಕ್ಕದಲ್ಲಿ ಸ್ವರಜ್ಞಾನ ಇದ್ದವರನ್ನು ನಿಲ್ಲಿಸಿದ. ವಿಜ್ಞಾನದಲ್ಲಿ ಇಷ್ಟು ಗಲಾಟೆಯ ಪ್ರಯೋಗ ಇನ್ನೊಂದು ನನಗೆ ಗೊತ್ತಿಲ್ಲ. ವರ್ಷವರ್ಷವೂ ಇದನ್ನು ರೈಲಿನ ಸೀಟಿಯ ಸಮೇತ, ಬಾಯಲ್ಲೇ ಊದಿ, ಕ್ಲಾಸಿನಲ್ಲಿ ಅಭಿನಯಿಸುತ್ತಿದ್ದೆ. “ಸಾರ್, ಇದರಿಂದ ಏನು ಉಪಯೋಗ?” ಎಂದು ಯಾವನಾದರೂ ಕೇಳೇ ಕೇಳುತ್ತಿದ್ದ. “ಮೂರು ಮಾರ್ಕು” ಎನ್ನುತ್ತಿದ್ದೆ.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೂತವರೆಲ್ಲ ಬಸುರಿಯರು, ನಡುವೆ ಪಂಚೆ ಉಟ್ಟ ನಾನು. ಎದುರಿನ ಗೋಡೆಯ ಮೇಲೆ ದೊಡ್ಡ ಬೋರ್ಡು: ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ. 1994ರ ಕಾಯಿದೆ, ಬೇಕೇ ಬೇಕಾದ ಕಾಯಿದೆ. ಆದರೂ ಅದರ ಕೆಳಗೆ ಮೊಣಕಾಲು ಸವರಿಕೊಂಡು ಕೂತ ಗಂಡಸಿಗೆ ತನ್ನ ಮೇಲೂ ಏನೋ ಅನುಮಾನವಿದೆ ಅನ್ನಿಸದೆ ಇರದು. ಅಷ್ಟರಲ್ಲಿ ಆಯಾ ಬಂದು ಒಂದು ಲೀಟರಿನ ಬಾಟಲಿ ಕೈಗಿಟ್ಟು, “ಪೂರ್ತಿ ಕುಡೀರಿ, ಒತ್ತಡ ಬಂದ್ಮೇಲೆ ಹೇಳಿ” ಎಂದಳು. “ನನ್ನದು ಕಾಲು, ಕಣಮ್ಮ” ಎಂದೆ. “ಕಾಲು ಲೀಟರ್ ಸಾಲಲ್ಲ ಅಜ್ಜಾರೇ, ಪೂರ್ತಿ ಕುಡೀಬೇಕು” ಎಂದಳು. ಪಕ್ಕದಲ್ಲಿದ್ದ ಬಸುರಿ ಹೆಣ್ಣುಮಗಳೊಬ್ಬಳು ಬಾಯಿ ಮುಚ್ಚಿಕೊಂಡು ನಕ್ಕಳು.

ಒಳಗೆ ಕತ್ತಲೆ, ಎ.ಸಿ.ಯ ಚಳಿ. ರೇಡಿಯಾಲಜಿಸ್ಟ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲು ಮಲಗಿಸಿ ತಣ್ಣನೆಯ ಜೆಲ್ ಬಳಿದು, ತೊಡೆಯ ಸಂದಿನಿಂದ ಮಂಡಿಯ ಹಿಂಭಾಗದವರೆಗೆ ಪ್ರೋಬ್ ಒತ್ತುತ್ತಾ ಬಂದರು. ಒತ್ತಿದರೆ ಚಪ್ಪಟೆಯಾಗಿ ಮಾಯವಾಗುವುದು ಅಭಿಧಮನಿ, ಒತ್ತಿದರೂ ಜಗ್ಗದೆ ಮಿಡಿಯುವುದು ಅಪಧಮನಿ. ಅಭಿಧಮನಿಯೂ ಜಗ್ಗದಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿದೆ ಎಂದು ಅರ್ಥ, ಅದು ಹುಡುಗಾಟದ ಮಾತಲ್ಲ. ನನ್ನದು ಸಂಭಾವಿತವಾಗಿ ಚಪ್ಪಟೆಯಾಯಿತು.

“ಈಗ ಎದ್ದು ಈ ಸ್ಟೂಲ್ ಮೇಲೆ ನಿಂತ್ಕೊಳ್ಳಿ ಅಂಕಲ್. ಭಾರ ಎಲ್ಲ ಬಲಗಾಲಿನ ಮೇಲೆ.”

ಎಷ್ಟು ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆನೋ, ಅವರೆಲ್ಲರ ಪರವಾಗಿ ಈಕೆ ಬಂದಿದ್ದಾರೆ ಅನ್ನಿಸಿತು. ಪಂಚೆ ಎತ್ತಿ ಕಟ್ಟಿ ಹತ್ತಿದೆ. ಈ ಪರೀಕ್ಷೆಗೆ ಪಂಚೆಯಂಥ ಉಡುಪಿಲ್ಲ. ಕಣಕಾಲಿನ ಒಳಮಗ್ಗುಲಿನಿಂದ ಹೊರಟು ತೊಡೆಸಂದು ಸೇರುವ ಸ್ಯಾಫೀನಸ್ ಎಂಬ ಈ ನರ ದೇಹದಲ್ಲೇ ಅತಿ ಉದ್ದದ್ದು. ಅದರ ದಾರಿಯುದ್ದಕ್ಕೂ, ಮೇಲೆ ಹೋಗುವ ರಕ್ತ ಕೆಳಕ್ಕೆ ಬೀಳದಂತೆ ತಡೆಯುವ ಕವಾಟಗಳಿವೆ. ಪಡುವಾದ ಫ್ಯಾಬ್ರಿಷಿಯಸ್ ಮೇಷ್ಟ್ರು 1603ರಲ್ಲೇ ಅವುಗಳ ಚಿತ್ರ ಬರೆದಿಟ್ಟಿದ್ದರು. ಅವು ಯಾತಕ್ಕಿವೆ ಎಂದು ಸರಿಯಾಗಿ ಹೇಳಿ ಹೆಸರು ಮಾಡಿದವನು ಅವರ ಶಿಷ್ಯ ವಿಲಿಯಂ ಹಾರ್ವೆ, 1628ರಲ್ಲಿ. ಶಿಷ್ಯರ ಕೆಲಸವೇ ಇಷ್ಟು.

ಡಾಕ್ಟರು ಮೀನಖಂಡವನ್ನು ಹಿಂಡಿದರು. ಪರದೆಯ ಮೇಲೆ ನೀಲಿ ನುಗ್ಗಿತು. ಕೈಬಿಟ್ಟರು. ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಅದೇ ದಾರಿಯಲ್ಲಿ ಕೆಂಪು ವಾಪಸು ಬಂತು.

“ಅಯ್ಯೋ, ನೀಲಿ ಯಾಕ್ ಡಾಕ್ಟ್ರೇ? ವಿಷ ಏನಾದ್ರೂ ಏರಿದೆಯಾ ಇವರಿಗೆ?” ಎಂದಳು ನನ್ನ ಹೆಂಡತಿ.

“ಅದು ರಕ್ತದ ಬಣ್ಣ ಅಲ್ಲ ಕಣೇ” ಎಂದು ನಾನು ಸ್ಟೂಲಿನ ಮೇಲಿನಿಂದಲೇ ಶುರುಮಾಡಿದೆ. “ಪ್ರೋಬಿನ ಕಡೆ ಬರುವುದಕ್ಕೆ ಒಂದು ಬಣ್ಣ, ದೂರ ಹೋಗುವುದಕ್ಕೆ ಇನ್ನೊಂದು. ಯಂತ್ರ ಕಳಿಸುವ ತರಂಗ ಕಿವಿಗೆ ನಿಲುಕುವುದಿಲ್ಲ. ರಕ್ತಕ್ಕೆ ಬಡಿದು ಬರುವಾಗ ಆಗುವ ವ್ಯತ್ಯಾಸ ಮಾತ್ರ ಕಿವಿಗೆ ಕೇಳುವ ಅಳತೆಯಲ್ಲಿರುತ್ತದೆ. ಮೇಡಂ, ಸ್ವಲ್ಪ ಸೌಂಡ್ ಕೊಡಿ.” ಅವರು ಪಾಪ ಕೊಟ್ಟರು. ತೆಂಗಿನ ಗರಿಗಳ ಮೇಲೆ ಗಾಳಿ ಬೀಸಿದ ಹಾಗೆ ಬುಸ್ಸೆಂದಿತು ನನ್ನ ಕಾಲು. 1842ರ ನಕ್ಷತ್ರ, 1845ರ ತುತ್ತೂರಿ ಎಲ್ಲ ಅದರೊಳಗೆ ಇದ್ದವು. ಕಣ್ಣು ತುಂಬಿ ಬಂತು. ಲೀಟರು ನೀರು ಕುಡಿದದ್ದೂ ಅದಕ್ಕೆ ಕಾರಣವಿರಬಹುದು.

“ಪ್ರೋಬನ್ನ ನೆಟ್ಟಗೆ ತೊಂಬತ್ತು ಡಿಗ್ರಿಗೆ ಹಿಡಿದರೆ ಕೊಸೈನ್ ಸೊನ್ನೆ, ಹರಿಯುತ್ತಿರುವ ರಕ್ತವೂ ನಿಂತ ಹಾಗೆ ತೋರುತ್ತೆ. ಕೋನ ಅರವತ್ತರ ಒಳಗಿದೆಯಲ್ಲ ಮೇಡಂ?”

“ಇದೆ ಅಂಕಲ್. ನೀವು ಮಾತಾಡಿದ್ರೆ ಕಾಲು ಅಲ್ಲಾಡುತ್ತೆ.”

ಹಿಂದಕ್ಕೆ ಹರಿಯುವ ಸಮಯಕ್ಕೆ ಒಂದು ಗೆರೆ ಹಾಕಿದ್ದಾರೆ. ಈ ಮೇಲ್ಮೈ ನರದಲ್ಲಿ ಅರ್ಧ ಸೆಕೆಂಡು ದಾಟಿದರೆ ಕವಾಟ ಫೇಲು. ನನ್ನದು ಎರಡು ಸೆಕೆಂಡಿನ ಆಸುಪಾಸು ಹರಿದಿತ್ತು. ಗ್ರೇಸ್ ಮಾರ್ಕು ಕೊಟ್ಟು ದಾಟಿಸುವ ಅಂತರವಲ್ಲ. ಅದು ನನಗೆ ಚೆನ್ನಾಗಿ ಗೊತ್ತು.

ಸರ್ಜನ್ ರಿಪೋರ್ಟು ನೋಡಿ, ಲೇಸರ್ ಆಮೇಲೆ ನೋಡೋಣ, ಸದ್ಯಕ್ಕೆ ಬಿಗಿ ಸ್ಟಾಕಿಂಗ್ ಹಾಕಿ, ದಿನಾ ನಡೆಯಿರಿ, ಮಲಗಿದಾಗ ಕಾಲು ಎದೆಯ ಮಟ್ಟಕ್ಕಿಂತ ಮೇಲಿರಲಿ ಎಂದರು. ಸ್ಟಾಕಿಂಗ್ ಹಾಕಿಕೊಳ್ಳುವುದು ಒಂದು ಪ್ರತ್ಯೇಕ ವ್ಯಾಯಾಮ. ಹಾಸಿಗೆಯಿಂದ ಇಳಿಯುವ ಮೊದಲೇ ಅದು ಮುಗಿಯಬೇಕು. ಆದರೂ ಅಭ್ಯಾಸವಾಗಿದೆ. ಮನೆಯಲ್ಲಿ ನಿಜವಾದ ಚರ್ಚೆ ಎದ್ದದ್ದು ಕಾಲು ಮೇಲೆತ್ತುವ ವಿಷಯಕ್ಕೆ. ಪೂರ್ವಕ್ಕೆ ಚಾಚಿದರೆ ದೇವರ ಮನೆ. ಪಶ್ಚಿಮಕ್ಕೆ ಬಾಗಿಲು, ಬಂದವರಿಗೆ ಮೊದಲು ಕಾಣುವುದು ನನ್ನ ಅಂಗಾಲು. ದಕ್ಷಿಣಕ್ಕೆ ಚಾಚಿದರೆ ತಲೆ ಉತ್ತರಕ್ಕೆ ಬರುತ್ತದೆ, ಅದಂತೂ ಕೂಡದೇ ಕೂಡದು, ಸಾಲದ್ದಕ್ಕೆ ಆ ಗೋಡೆಯ ಮೇಲೆ ಮಾವನವರ ಫೋಟೋ ಇದೆ. ಮಗಳು ಫೋನಿನಲ್ಲೇ ಪಂಚಾಯಿತಿ ಸೇರಿದಳು. ಕೊನೆಗೆ ದಿವಾನವನ್ನು ತಿರುಗಿಸಿ ಹಾಕಿ ಉತ್ತರ ದಿಕ್ಕು ಗೊತ್ತುಮಾಡಿದರು. ಅಲ್ಲಿರುವುದು ಫ್ರಿಜ್ಜು. ಸಂಜೆ ಎರಡು ದಿಂಬಿನ ಮೇಲೆ ಕಾಲಿಟ್ಟು ಮಲಗಿರುತ್ತೇನೆ, ಮೊಸರು ತೆಗೆಯಲು ಬಂದವರೆಲ್ಲ ಒಮ್ಮೆ ಪಾದ ಮುಟ್ಟಿ ನೋಡಿ, “ಇವತ್ತು ಊತ ಕಮ್ಮಿ” ಎಂದು ಹೇಳಿ ಹೋಗುತ್ತಾರೆ.