ಕ್ಯಾಟಕಿಸಂ ಮಿಸ್

ಭಾನುವಾರ ಏಳೂವರೆಯ ಕನ್ನಡ ಪೂಜೆ ಮುಗಿದು, ಸ್ವಾಮಿಗಳ ಕೊನೆಯ ಆಶೀರ್ವಾದ ಇನ್ನೂ ಗಾಳಿಯಲ್ಲಿರುವಾಗಲೇ ಚರ್ಚಿನ ಹಿಂದುಗಡೆ ಒಂದು ಕೈಗಂಟೆ ಟಣಟಣ ಅನ್ನುತ್ತದೆ. ಆ ಸದ್ದು ಕೇಳಿದ್ದೇ ಮಕ್ಕಳೆಲ್ಲ ಓಡುತ್ತಾರೆ, ಗೇಟಿನ ಕಡೆಗೆ. ಗೇಟಿನಲ್ಲಿ ಮಿಸ್ ನಿಂತಿರುತ್ತಾರೆ. 1542ರಲ್ಲಿ ಗೋವೆಗೆ ಬಂದಿಳಿದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಬೀದಿಬೀದಿಯಲ್ಲಿ ಗಂಟೆ ಬಾರಿಸಿಕೊಂಡು ಹೋಗಿ ಮಕ್ಕಳನ್ನು ಕೂಡಿಸಿ ಜ್ಞಾನೋಪದೇಶ ಹೇಳುತ್ತಿದ್ದರು. ಆ ಗಂಟೆಯೇ ಕೈಯಿಂದ ಕೈಗೆ ದಾಟಿ ಬೆಂಗಳೂರಿನ ನಮ್ಮ ಧರ್ಮಕೇಂದ್ರದ ಮಿಸ್ ಕೈ ಸೇರಿದೆ ಎಂದು ನನ್ನ ಗುಮಾನಿ. ಕ್ಸೇವಿಯರರಿಗೆ ಇಲ್ಲದಿದ್ದ ಒಂದು ಅನುಕೂಲ ಮಾತ್ರ ಇವರಿಗಿದೆ: ಗೇಟಿಗೆ ಚಿಲಕ.

ಇಂಥ ಒಬ್ಬ ಮಿಸ್ ಇಲ್ಲದ ಕಥೋಲಿಕ ಚರ್ಚನ್ನು ನಾನು ಕಂಡಿಲ್ಲ. ಹೆಗಲಿಗೊಂದು ಬಟ್ಟೆಚೀಲ. ಅದರೊಳಗೆ ಹಾಜರಿ ಪುಸ್ತಕ, ಡಸ್ಟರು, ಪೆಪ್ಪರ್‌ಮಿಂಟ್ ಡಬ್ಬಿ, ಹೋದ ವರ್ಷ ಯಾವುದೋ ಮಗು ಮರೆತುಹೋದ ಸ್ವೆಟರು, ಬ್ರೌನ್ ಪೇಪರ್ ಹೊದಿಕೆಯ ಒಂದು ಹಳೇ ಪುಸ್ತಕ. ಸಂಬಳವಿಲ್ಲ. ಟೀಚರ್ಸ್ ಡೇ ಬಂದರೆ ಒಂದು ಸ್ಟೀಲ್ ಡಬ್ಬಿ ಕೊಡುತ್ತಾರೆ. ನಮ್ಮ ಮಿಸ್‌ಗೆ ಎಷ್ಟು ವರ್ಷದ ಸೇವೆ ಎಂದು ಕೇಳಿದರೆ ಅಡುಗೆಮನೆಯ ಅಟ್ಟ ನೋಡಿ, ಡಬ್ಬಿ ಎಣಿಸಿ, "34" ಅನ್ನುತ್ತಾರೆ. ಅದರಲ್ಲೊಂದು ಡಬ್ಬಿಗೆ ನಾನೂ ಎರಡು ರೂಪಾಯಿ ಕೊಟ್ಟಿದ್ದೇನೆ. ಈಗ ನನ್ನ ಮಗಳು ಒಳಗೆ ಕೂತಿರುತ್ತಾಳೆ, ನಾನು ಹೊರಗೆ ಹೊಂಗೆಮರದ ಕೆಳಗಿನ ಕಲ್ಲುಬೆಂಚಿನ ಮೇಲೆ. ಕಿಟಕಿ ತೆರೆದೇ ಇರುತ್ತದೆ. ಹೀಗಾಗಿ ನನಗೂ ಎರಡನೆಯ ಸುತ್ತಿನ ಉಪದೇಶ ನಡೆದಿದೆ.

ಕ್ಲಾಸು ನಡೆಯುವುದು ಪಕ್ಕದ ಶಾಲೆಯ ಕೋಣೆಯಲ್ಲಿ. ಮೂರನೆಯಿಂದ ಏಳನೆಯ ತರಗತಿಯವರೆಗೆ ಎಲ್ಲರೂ ಅಲ್ಲೇ. ಬೋರ್ಡಿನ ತುಂಬ ಶುಕ್ರವಾರದ ಗಣಿತ, ಮೂಲೆಯಲ್ಲಿ 'ಅಳಿಸಬಾರದು' ಎಂಬ ಬರಹ. ಮಿಸ್ ಅದನ್ನು ಹನ್ನೊಂದನೆಯ ಕಟ್ಟಳೆ ಎಂದು ಪಾಲಿಸುತ್ತಾರೆ. ಮಿಕ್ಕ ಒಂದಡಿ ಜಾಗದಲ್ಲಿ ಒಮ್ಮೆ ತ್ರಿತ್ವದ ಪಾಠಕ್ಕೆಂದು ತ್ರಿಕೋನ ಬರೆದರು. ಒಂದೊಂದು ಮೂಲೆಗೆ ಪಿತ, ಸುತ, ಪವಿತ್ರಾತ್ಮ. ಒತ್ತಿನಲ್ಲೇ ಪೈಥಾಗೊರಸನ ತ್ರಿಕೋನ. ಏಳನೆಯ ಕ್ಲಾಸಿನವನೊಬ್ಬ ಎದ್ದು, "ಮಿಸ್, ಇದ್ರಲ್ಲಿ ಹೈಪಾಟೆನ್ಯೂಸ್ ಯಾರು?" ಅಂದ.

ಮಿಸ್ ಚಾಕ್‌ಪೀಸನ್ನು ಕೆಳಗೂ ಇಡಲಿಲ್ಲ. "ಯಾರೂ ಇಲ್ಲ. ಇದು ಮೂರು ಕಡೇನೂ ಸಮ ಇರೋ ತ್ರಿಭುಜ. ಒಬ್ರು ದೊಡ್ಡೋರು ಒಬ್ರು ಚಿಕ್ಕೋರು ಅಂತಿಲ್ಲ. ಕೂತ್ಕೋ."

ಸುತನು ಪಿತನಿಗೆ ಸಮನೋ ಅಲ್ಲವೋ ಎಂದು ತೀರ್ಮಾನಿಸಲು 325ರಲ್ಲಿ ನೈಸೀಯ ಪಟ್ಟಣದಲ್ಲಿ ಬಿಷಪ್ಪರ ಮಹಾಸಭೆಯೇ ಕೂಡಬೇಕಾಯಿತು. ಅಷ್ಟಾದರೂ ಜಗಳ ಪೂರ್ತಿ ತಣ್ಣಗಾಗಲಿಲ್ಲ. ನಮ್ಮ ಮಿಸ್ ಅರ್ಧ ನಿಮಿಷದಲ್ಲಿ ಮುಗಿಸಿದರು, ಹುಡುಗ ಕೂತೂಬಿಟ್ಟ.

ವಿಶ್ವಾಸ ಎಂದರೆ ಮೊದಲು ಲೆಕ್ಕ ಸರಿಯಿರಬೇಕು ಎಂಬುದು ಅವರ ನಿಲುವು. ಸಂಸ್ಕಾರಗಳು 7, ಕಟ್ಟಳೆಗಳು 10, ಪ್ರೇಷಿತರು 12, ಶಿಲುಬೆಹಾದಿಯ ಸ್ಥಳಗಳು 14. ಹಳೆಯ ಒಡಂಬಡಿಕೆ 46, ಹೊಸದು 27, ಒಟ್ಟು 73 ಗ್ರಂಥ. ಮೆತೂಷೆಲಹ ಬದುಕಿದ್ದು 969 ವರ್ಷ. ಬೈಬಲ್ ಕ್ವಿಜ್ ಹತ್ತಿರ ಬಂತೆಂದರೆ ಮಗ್ಗಿ ಒಪ್ಪಿಸುವ ರಾಗದಲ್ಲಿ ಇವೆಲ್ಲ ಕಿಟಕಿಯಿಂದ ಹೊರಗೆ ಹರಿಯುತ್ತವೆ. ಒಬ್ಬಳು ಕೇಳಿದಳು: "ಮಿಸ್, ನನ್ ಫ್ರೆಂಡ್ ಸಿಎಸ್‌ಐ ಚರ್ಚ್‌ಗೆ ಹೋಗ್ತಾಳೆ, ಅವಳ ಬೈಬಲ್ಲಲ್ಲಿ ಬರೀ 66 ಇದೆ." ಮಿಸ್ ಬಾಯಿಂದ, "ಅವರದು ಮಿನಿ ಮೀಲ್ಸು, ನಮ್ದು ಫುಲ್ಲು" ಎಂದು ಬಂದೇಬಿಟ್ಟಿತು. ತಕ್ಷಣ ನಾಲಿಗೆ ಕಚ್ಚಿಕೊಂಡರು. ಆ ವಾರದ ಪಾಪನಿವೇದನೆಯಲ್ಲಿ ಇದನ್ನು ಹೇಳಿಕೊಂಡೇ ಇರುತ್ತಾರೆ, ಅಷ್ಟು ನನಗೆ ಅವರು ಗೊತ್ತು.

ಸಿಎಸ್‌ಐ ಗೆಳತಿಯಿಂದ ಇನ್ನೊಂದು ಪೇಚೂ ಬಂತು. ಕಟ್ಟಳೆಗಳು ಇಬ್ಬರಿಗೂ ಹತ್ತೇ, ಎಣಿಕೆ ಬೇರೆ. ಕಥೋಲಿಕರು ಸಂತ ಅಗಸ್ಟೀನರ ಲೆಕ್ಕದಂತೆ ವಿಗ್ರಹದ ಮಾತನ್ನು ಮೊದಲನೆಯದರಲ್ಲೇ ಸೇರಿಸಿ, ಕೊನೆಗೆ ಬರುವ ಪರರ ಹೆಂಡತಿಯ ಆಸೆ, ಪರರ ಸೊತ್ತಿನ ಆಸೆಗಳನ್ನು ಎರಡಾಗಿ ಒಡೆಯುತ್ತಾರೆ. ಹಾಗಾಗಿ ವ್ಯಭಿಚಾರ ನಮಗೆ ಆರನೆಯದು, ಅವರಿಗೆ ಏಳನೆಯದು. ಇಷ್ಟನ್ನು ಮಿಸ್ ಚೆನ್ನಾಗಿಯೇ ಬಿಡಿಸಿ ಹೇಳಿದರು. ಆದರೆ ಮಕ್ಕಳ ಲಕ್ಷ್ಯ ಎಣಿಕೆಯ ಮೇಲಿರಲಿಲ್ಲ.

"ವ್ಯಭಿಚಾರ ಅಂದ್ರೇನು ಮಿಸ್?"

"ದೊಡ್ಡವರಾದ್ಮೇಲೆ ಗೊತ್ತಾಗುತ್ತೆ."

"ಅಲ್ಲೀತನಕ ಮಾಡ್ಬಹುದಾ?"

ಪೆಪ್ಪರ್‌ಮಿಂಟ್ ಡಬ್ಬಿ ತೆರೆಯಿತು. ಮಿಸ್‌ನ ಶಸ್ತ್ರಾಗಾರದಲ್ಲಿ ಅದು ಎರಡನೆಯ ಅಸ್ತ್ರ. ಮೊದಲನೆಯದು, "ಅದು ವಿಶ್ವಾಸದ ರಹಸ್ಯ" ಎನ್ನುವುದು. ಅದರ ಮುಂದೆ ಪ್ರಶ್ನೆ ಇಲ್ಲ.

ಆದರೆ ಅವರನ್ನು ಕಡಿಮೆ ತೂಗಬೇಡಿ. ನೋವನ ನಾವೆಯಲ್ಲಿ ಸಿಂಹ ಏನು ತಿನ್ನುತ್ತಿತ್ತು, ಜಿಂಕೆ ಎರಡೇ ಇದ್ದವಲ್ಲ ಎಂದು ಒಬ್ಬ ಕೇಳಿದಾಗ ಅವರು ರಹಸ್ಯದ ಮೊರೆ ಹೋಗಲಿಲ್ಲ. "ಆದಿಕಾಂಡ ಒಂದನೇ ಅಧ್ಯಾಯ ಓದು. ದೇವರು ಪ್ರಾಣಿಗಳಿಗೆಲ್ಲ ಹಸಿರು ಸೊಪ್ಪೇ ಆಹಾರ ಅಂತ ಕೊಟ್ಟಿದ್ದು. ಮನುಷ್ಯರು ಮಾಂಸ ತಿನ್ಬಹುದು ಅಂದಿದ್ದೂ ಒಂಬತ್ತನೇ ಅಧ್ಯಾಯದಲ್ಲಿ, ಪ್ರಳಯ ಇಳಿದ್ಮೇಲೆ." ಹುಡುಗ ಸುಸ್ತು. ಹೊರಗೆ ನಾನೂ ಸುಸ್ತು. ಅವನ ಹಿಂದಿನ ಬೆಂಚಿನವನು ಮಾತ್ರ ಸೋಲಲಿಲ್ಲ: "ಸೊಳ್ಳೆ ಜೋಡೀನ ಯಾಕೆ ಹತ್ತಿಸ್ಕೊಂಡ್ರು ಮಿಸ್, ಅಲ್ಲೇ ಹೊಡೀಬಹುದಿತ್ತಲ್ಲ?" ಇದಕ್ಕೆ ಉತ್ತರ ಬೆಂಗಳೂರಿನಲ್ಲಿ ಯಾರ ಬಳಿಯೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ಪೇಚು ಅತ್ತೆಯದು. ಯೇಸುಸ್ವಾಮಿ ಪೇತ್ರನ ಅತ್ತೆಯ ಜ್ವರ ಬಿಡಿಸಿದ ಪ್ರಸಂಗವನ್ನು ಮಾರ್ಕನ ಶುಭಸಂದೇಶದಿಂದ ಓದಿ ಮುಗಿಸಿದ್ದರು. ಮೊದಲ ಪೋಪ್ ಪೇತ್ರನೇ ಎಂದು ಹಿಂದಿನ ವಾರವಷ್ಟೇ ಪಾಠವಾಗಿತ್ತು. ಎರಡನ್ನೂ ಕೂಡಿಸಿದವಳು ನನ್ನ ಮಗಳೇ, ಮುಚ್ಚಿಡುವುದೇಕೆ. "ಅತ್ತೆ ಇದ್ರೆ ಹೆಂಡ್ತಿ ಇರ್ಬೇಕಲ್ವಾ ಮಿಸ್? ಪೋಪ್‌ಗೆ ಹೆಂಡ್ತಿ ಇದ್ರಾ? ಮತ್ತೆ ನಮ್ ಫಾದರ್‌ಗೆ ಯಾಕಿಲ್ಲ?"

ಕೋಣೆ ನಿಶ್ಶಬ್ದ. ಆಗ ಮುಂದಿನ ಬೆಂಚಿನ ಒಬ್ಬ ಪುಣ್ಯಾತ್ಮ ಮಿಸ್‌ನ ರಕ್ಷಣೆಗೆ ಎದ್ದ. "ಅತ್ತೆ ಅಂದ್ರೆ ಅವರಪ್ಪನ ತಂಗಿ ಇರ್ಬಹುದು ಮಿಸ್. ನಮ್ ಮೇರಿ ಅತ್ತೆ ಇಲ್ವಾ, ಹಂಗೆ."

ಕನ್ನಡ ಭಾಷೆ ಒಡ್ಡಿದ ಎಂಥ ಸೊಗಸಾದ ಶೋಧನೆ ಅದು! ಹೌದು ಅಂದುಬಿಟ್ಟಿದ್ದರೆ ಅಂದಿನ ಪಾಠ ಅಲ್ಲಿಗೆ ಸುಖಾಂತ್ಯ. ಮಿಸ್ ಕಿಟಕಿಯಾಚೆ ನೋಡಿದರು, ನನ್ನನ್ನು ಕಂಡರು, ಒಂದು ನಿಟ್ಟುಸಿರು ಬಿಟ್ಟರು. "ಇಲ್ಲ ಮಗಾ. ಹೆಣ್ಣು ಕೊಟ್ಟ ಅತ್ತೇನೇ. ಪೇತ್ರನಿಗೆ ಮದುವೆ ಆಗಿತ್ತು. ಸ್ವಾಮಿಗಳು ಮದುವೆ ಆಗದೆ ಇರೋ ನಿಯಮ ಆಮೇಲೆ ಬಂದದ್ದು. ಯಾಕೆ ಅಂತ ಫಾದರನ್ನೇ ಕೇಳು." ಮಗಳು ಕೇಳಿಯೂ ಕೇಳಿದಳು. ಫಾದರ್ ನಗುತ್ತ, "ನಿಮ್ ಮಿಸ್ ಚೆನ್ನಾಗಿ ಹೇಳ್ತಾರೆ, ಅವರನ್ನೇ ಕೇಳಮ್ಮ" ಅಂದರಂತೆ.

ಮಕ್ಕಳೆಲ್ಲ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲು ತಡವರಿಸುತ್ತಾರೆ. ಪ್ರಾರ್ಥನೆಗಳ ಕನ್ನಡವಂತೂ ಅವರ ಪಾಲಿಗೆ ಮೂರನೆಯ ಭಾಷೆ. 'ಶೋಧನೆ' ಅಂದರೆ ಕೆಟ್ಟದ್ದು ಮಾಡು ಎಂದು ಎಳೆಯುವ ಪ್ರಲೋಭನೆ, ಅದರಿಂದ ದೂರವಿಡಿ ಎಂದು ನಾವು ದಿನಾ ಬೇಡಿಕೊಳ್ಳುತ್ತೇವೆ ಎಂದು ಮಿಸ್ ವಿವರಿಸುತ್ತಿದ್ದಾಗ ಒಬ್ಬನ ಮುಖದಲ್ಲಿ ಜ್ಞಾನೋದಯವಾಯಿತು. "ಓ! ನಾನು ಇನ್‌ಕಂ ಟ್ಯಾಕ್ಸ್‌ನೋರು ಮಾಡೋ ಶೋಧನೆ ಅಂದ್ಕೊಂಡಿದ್ದೆ ಮಿಸ್. ನಮ್ಮಪ್ಪ ಆ ಸಾಲು ಮಾತ್ರ ಜೋರಾಗಿ ಹೇಳ್ತಾರೆ." ಅವರಪ್ಪ ಹೊಂಗೆಮರದ ಕೆಳಗೆ ನನ್ನ ಪಕ್ಕದಲ್ಲೇ ಕೂತಿದ್ದರು. ಎದ್ದು ಸ್ಕೂಟರ್ ಒರೆಸತೊಡಗಿದರು.

ಪರಮಪ್ರಸಾದಕ್ಕೆ ಒಂದು ಗಂಟೆ ಮುಂಚಿನಿಂದ ಏನೂ ತಿನ್ನಬಾರದು, ನೀರು, ಔಷಧಿ ಪರವಾಗಿಲ್ಲ ಎಂಬ ನಿಯಮವನ್ನು ಹೇಳಿಕೊಟ್ಟ ದಿನವೂ ಲೆಕ್ಕ ಮಿಸ್‌ಗೇ ತಿರುಗಿ ಬಿತ್ತು. ಮಿಸ್‌ನ ತಾಯಿಯ ಕಾಲದಲ್ಲಿ ಹಿಂದಿನ ಮಧ್ಯರಾತ್ರಿಯಿಂದಲೇ ಉಪವಾಸ. 1957ರಲ್ಲಿ ಅದು ಮೂರು ಗಂಟೆಯಾಯಿತು, 1964ರಲ್ಲಿ ಒಂದು. ಮಕ್ಕಳು ಅದನ್ನೂ ಕೊರೆದರು. ಪೂಜೆ 7.30ಕ್ಕೆ, ಪರಮಪ್ರಸಾದ ಕೊಡುವುದು 8.15ರ ಹೊತ್ತಿಗೆ, ಅಂದಮೇಲೆ 7.15ರವರೆಗೆ ಇಡ್ಲಿ ತಿನ್ನಬಹುದು. "ದೊಡ್ಡ ಫಾದರ್ ಪ್ರಸಂಗ ಇದ್ರೆ 7.25ರ ತನಕ" ಎಂದು ಇನ್ನೊಬ್ಬ ತಿದ್ದಿದ. ಮಿಸ್‌ಗೆ ನಗು ತಡೆಯಲಾಗಲಿಲ್ಲ. ಸಂತ ಪೌಲರು ನಡುರಾತ್ರಿಯವರೆಗೆ ಮಾತಾಡಿದ್ದಕ್ಕೆ ಕಿಟಕಿಯಲ್ಲಿ ಕೂತಿದ್ದ ಯೂತಿಕನೆಂಬ ಹುಡುಗ ತೂಕಡಿಸಿ ಮೂರನೆಯ ಅಂತಸ್ತಿನಿಂದ ಬಿದ್ದೇ ಹೋದ ಕಥೆ ಹೇಳಿದರು. ಪೌಲರೇ ಇಳಿದು ಬಂದು ಅವನನ್ನು ಬದುಕಿಸಿದರು, ಮೇಲೆ ಹೋಗಿ ಬೆಳಗಿನವರೆಗೆ ಮಾತು ಮುಂದುವರಿಸಿದರು. ಬೈಬಲ್ಲಿನಲ್ಲಿ ನಮ್ಮ ಮಕ್ಕಳಿಗೆ ಪೂರ್ತಿ ಅರ್ಥವಾದ ಮೊದಲ ಪಾತ್ರ ಆ ಯೂತಿಕ.

ಮಿಸ್‌ನ ತವರು ಕನಕಪುರದಾಚೆಯ ಹಾರೋಬೆಲೆ. ಯೇಸುಸ್ವಾಮಿಯ ಪಾಡುಗಳ ನಾಟಕಕ್ಕೆ ಹೆಸರಾದ ಊರು. ಅವರ ತಂದೆ ಅದರಲ್ಲಿ ಎಷ್ಟೋ ವರ್ಷ, ಗುರುವನ್ನೇ ಹಿಡಿದುಕೊಟ್ಟ ಯೂದನ ಪಾತ್ರ ಕಟ್ಟಿದವರಂತೆ. "ಯೂದ ನರಕದಲ್ಲಿದಾನಾ ಮಿಸ್?" ಎಂದು ಯಾರಾದರೂ ಕೇಳಿದರೆ ಅವರ ದನಿ ಬದಲಾಗುತ್ತದೆ. "ಇಂಥವರು ಸಂತರು ಅಂತ ಧರ್ಮಸಭೆ ಸಾರಿದೆ. ಇಂಥವರು ನರಕದಲ್ಲಿದ್ದಾರೆ ಅಂತ ಯಾರ ಹೆಸರನ್ನೂ ಸಾರಿಲ್ಲ." ದೈವಶಾಸ್ತ್ರದ ಪ್ರಕಾರ ಇದು ಅಪ್ಪಟ ಸರಿ. ಆದರೂ ಅದರ ಬೆನ್ನಿಗೇ, "ನಾಟಕ ಮುಗಿದ ಬೆಳಿಗ್ಗೆ ನಮ್ಮಪ್ಪ ಮುಖ ತೊಳ್ಕೊಂಡು ಹೊಲಕ್ಕೆ ಹೋಗೋರು" ಎಂದು ಸೇರಿಸುತ್ತಾರೆ. ಮಕ್ಕಳಿಗೆ ಎರಡಕ್ಕೂ ಸಂಬಂಧ ಹೊಳೆಯುವುದಿಲ್ಲ.

ಇನ್ನು ಪೋರ್ಷನ್ನು ಬದಲಾಗುವ ಕಷ್ಟ. ನಾವು ಕಲಿತಾಗ ಜಪಸರದ ರಹಸ್ಯಗಳು 15. 2002ರಲ್ಲಿ ಎರಡನೆಯ ಜಾನ್ ಪೌಲ್ ಪೋಪರು ಬೆಳಕಿನ ರಹಸ್ಯಗಳೆಂದು ಐದು ಸೇರಿಸಿ 20 ಮಾಡಿದರು. "ಸಿಲಬಸ್ ರಿವೈಸ್ ಆಗಿದೆ, ಹಳೇ ನೋಟ್ಸ್ ನಡೆಯಲ್ಲ" ಎಂದು ಮಿಸ್ ಬೀದಿಯಲ್ಲಿ ಸಿಕ್ಕಿದ ಹಳೇ ವಿದ್ಯಾರ್ಥಿಗಳನ್ನೂ ನಿಲ್ಲಿಸಿ ಐದನ್ನು ಬಾಯಿಪಾಠ ಮಾಡಿಸಿದರು. ನನ್ನನ್ನು ಹಿಡಿದದ್ದು ತರಕಾರಿ ಅಂಗಡಿಯ ಮುಂದೆ.

2007ರ ಬದಲಾವಣೆಯನ್ನು ಮಾತ್ರ ಯಾರಿಗೂ ಬಾಯಿಪಾಠ ಮಾಡಿಸಲಿಲ್ಲ. ದೀಕ್ಷಾಸ್ನಾನವಿಲ್ಲದೆ ತೀರಿಕೊಂಡ ಶಿಶುಗಳು ಸ್ವರ್ಗವೂ ಅಲ್ಲದ ನರಕವೂ ಅಲ್ಲದ 'ಲಿಂಬೊ'ಗೆ ಹೋಗುತ್ತವೆ ಎಂದು ಹಿಂದಿನವರು ಕಲಿಸುತ್ತಿದ್ದರು. ಅದು ಸಭೆಯ ಕಡ್ಡಾಯ ಸಿದ್ಧಾಂತವಾಗಿ ಎಂದೂ ಇರಲಿಲ್ಲ, ಹಳ್ಳಿಯ ತಾಯಂದಿರಿಗೆ ಈ ವ್ಯತ್ಯಾಸ ಯಾರೂ ಹೇಳಿರಲಿಲ್ಲ. ಆ ವರ್ಷ ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗ, ಅಂಥ ಮಕ್ಕಳೂ ದೇವರ ಬಳಿ ಸೇರುತ್ತಾರೆಂದು ಭರವಸೆಯಿಡಲು ಗಟ್ಟಿ ಕಾರಣಗಳಿವೆ ಎಂದು ಬರೆಯಿತು. ಆ ಸುದ್ದಿಯ ಪೇಪರ್ ತುಣುಕು ಮಿಸ್‌ನ ಬ್ರೌನ್ ಪೇಪರ್ ಹೊದಿಕೆಯೊಳಗೆ ಈಗಲೂ ಇದೆ. ಹೆಸರಿಡುವ ಮೊದಲೇ ಹೋದ ತಮ್ಮನೊಬ್ಬ ಅವರಿಗಿದ್ದ. ಆ ಭಾನುವಾರ ಪಾಠ ಮಾಡದೆ ಎಲ್ಲರಿಗೂ ಕಡಲೆಮಿಠಾಯಿ ಹಂಚಿದರಂತೆ. ಯಾವ ಹಬ್ಬ ಎಂದು ಮಕ್ಕಳಿಗೆ ಕೊನೆಗೂ ಗೊತ್ತಾಗಲಿಲ್ಲ.

ಮೊದಲ ಪರಮಪ್ರಸಾದದ ವರ್ಷ ಬಂತೆಂದರೆ ಅದುವರೆಗೆ ಕಾಣದ ತಾಯ್ತಂದೆಯರು ಕಾಣತೊಡಗುತ್ತಾರೆ. ಅವರ ಪ್ರಶ್ನೆಗಳು ಬೇರೆ: ಬಿಳಿ ಫ್ರಾಕಿಗೆ ತೋಳಿರಬೇಕೇ, ಹಾಲ್ ಯಾವಾಗ ಬುಕ್ ಮಾಡಬೇಕು, ಹಾಜರಿ ಕಮ್ಮಿಯಿದ್ದರೆ "ಏನಾದ್ರೂ ಅಡ್ಜಸ್ಟ್ ಮಾಡ್ಬಹುದಾ ಮಿಸ್". ಮಿಸ್ ಯಾರಿಗೂ ಅಡ್ಜಸ್ಟ್ ಮಾಡುವುದಿಲ್ಲ, ಯಾರನ್ನೂ ಬಿಟ್ಟುಹಾಕುವುದೂ ಇಲ್ಲ. ಹಾಜರಿ ಕಮ್ಮಿಯಾದವರಿಗೆ ಸಂಜೆ ತಮ್ಮ ಮನೆಯಲ್ಲೇ ಕ್ಲಾಸು, ಜತೆಗೆ ರಾಗಿಮಾಲ್ಟು. ಮಂತ್ರಿಸದ ಅಪ್ಪವನ್ನು ನಾಲಿಗೆಯ ಮೇಲಿಟ್ಟು ಅಭ್ಯಾಸ ಮಾಡಿಸುವಾಗ, "ಕಡೀಬೇಡಿ, ಕರಗಲಿ" ಎನ್ನುತ್ತಾರೆ. ಇಂಥ ನಿಯಮ ಈಗಿಲ್ಲ ಎಂದು ಚಿಕ್ಕ ಸ್ವಾಮಿಗಳು ಎರಡು ಸಲ ಹೇಳಿದ್ದಾರೆ. ಮಿಸ್ ಎರಡು ಸಲವೂ "ಆಯ್ತು ಫಾದರ್" ಅಂದಿದ್ದಾರೆ.

ಪರಮಪ್ರಸಾದದ ಹಿಂದಿನ ಶನಿವಾರ ಮೊದಲ ಪಾಪನಿವೇದನೆ. ಎಂಟು ವರ್ಷದವರ ಬಳಿ ಸರಕು ಕಡಿಮೆ. ಸಾಲಿನಲ್ಲಿ ನಿಂತು, "ನೀನು ಯಾವ್ದು ಹೇಳ್ತೀಯ? ನಾನೂ ಅದೇ ಹೇಳ್ಲಾ?" ಎಂದು ಹೋಮ್‌ವರ್ಕ್ ಕಾಪಿ ಹೊಡೆಯುವಂತೆ ಪಾಪ ಕಾಪಿ ಹೊಡೆಯುತ್ತಿರುತ್ತಾರೆ. ನಾನೂ ಆ ವಯಸ್ಸಿನಲ್ಲಿ ಏನೂ ಹೊಳೆಯದೆ "ಮೂರು ಸುಳ್ಳು ಹೇಳಿದ್ದೇನೆ" ಎಂದಿದ್ದೆ. ಹೇಳಿದ್ದದ್ದು ಎರಡೇ. ಮೂರನೆಯದು ಅಲ್ಲೇ ಆಯಿತು, ಲೆಕ್ಕ ಸರಿಹೋಯಿತು.

ಈ ಸಲ ಮಕ್ಕಳೆಲ್ಲ ಮುಗಿಸಿದ ಮೇಲೆ ಸಾಲಿನ ಕೊನೆಗೆ ಮಿಸ್ ನಿಂತರು. ಚೀಲ ನನ್ನ ಮಗಳ ಕೈಗೆ ಕೊಟ್ಟು, ಸೆರಗು ತಲೆಗೆಳೆದುಕೊಂಡು ಒಳಗೆ ಹೋದರು. ಮಕ್ಕಳು ಗೋಡೆಯ ಗಡಿಯಾರ ನೋಡುತ್ತ ನಿಂತವು. ತಮಗೆ ಒಂದೊಂದು ನಿಮಿಷ ಹಿಡಿದಿತ್ತು. ಮಿಸ್‌ಗೆ ಐದಾಯಿತು, ಎಂಟಾಯಿತು, ಹನ್ನೊಂದಾಯಿತು.

"ಅಷ್ಟೊಂದು ಪಾಪ ಯಾವಾಗ್ ಮಾಡಿದ್ರು ಮಿಸ್ಸು?" ಎಂದು ಒಬ್ಬ ಪಿಸುಗುಟ್ಟಿದ. "ಭಾನುವಾರ ಪೂರ್ತಿ ನಮ್ ಜೊತೇನೇ ಇರ್ತಾರಲ್ಲ?"

ನನ್ನ ಮಗಳು ಚೀಲವನ್ನು ಎದೆಗವಚಿಕೊಂಡು ಸ್ವಲ್ಪ ಯೋಚಿಸಿದಳು.

"ಅದಕ್ಕೇ ಇರ್ಬೇಕು ಕಣೋ."