ಪಾಲುದಾರಿಕೆ ಮೀಮಾಂಸೆ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಪಂಥಗಳ ಖಂಡನೆಯೊಡನೆ

1. ವಿಷಯ

ಶಾಸ್ತ್ರದ ರೂಢಿಯಂತೆ ಮೊದಲು ಇದಕ್ಕೆ ಅಧಿಕಾರಿ ಯಾರೆಂದು ಹೇಳಬೇಕು. ಬೀಗರೊಡನೆ ಕೂಡಿ ಗೊಬ್ಬರದ ಅಂಗಡಿಯನ್ನೋ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ವ್ಯಾಪಾರವನ್ನೋ ಹೂಡಿ, ಇನ್ನೂ ಅವರ ಮನೆಯಲ್ಲಿ ಉಣ್ಣುತ್ತಿರುವವನೇ ಅಧಿಕಾರಿ. ಊಟ ನಿಂತವನು ನೇರವಾಗಿ ವಕೀಲರಲ್ಲಿಗೆ ಹೋಗತಕ್ಕದ್ದು.

ದಂಧೆಯನ್ನು ಕಾಯ್ದೆಬದ್ಧ ಮಾಡುವ ದಾರಿಗಳು ಹಲವು. ಸಂವಿಧಾನದ 7ನೆಯ ಅನುಸೂಚಿಯು ಕಂಪನಿಗಳನ್ನು ಕೇಂದ್ರಕ್ಕೂ ಸಹಕಾರ ಸಂಘಗಳನ್ನು ರಾಜ್ಯಕ್ಕೂ ಹಂಚಿಕೊಟ್ಟಿದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಒಬ್ಬನೇ ಒಬ್ಬ ಕಂಪನಿ ಆಗಬಹುದು. ಆದರೆ ಆ ಒಬ್ಬನಿಗೂ ಲೆಕ್ಕ ಪರಿಶೋಧಕ ಬೇಕು. ತನ್ನ ಲೆಕ್ಕ ತನಗೂ ತಿಳಿಯಕೂಡದೆಂಬ ತತ್ತ್ವದ ಮೇಲೆ ನಿಂತ ನಮ್ಮ ದಂಧೆಗಳಿಗೆ ಇದು ವರ್ಜ್ಯ. ಸಹಕಾರದ ದಾರಿ ನಮ್ಮ ಕಡೆಯದೇ, ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲೇ ತೆರೆದದ್ದು. ಆದರೆ ಅಲ್ಲಿ ಚುನಾವಣೆಯುಂಟು. ಚುನಾವಣೆ ಬಂದ ಮೇಲೆ ರೊಟ್ಟಿ ಬಡಿಯುವವರು ಯಾರು? ಉಳಿದದ್ದು ಪಾಲುದಾರಿಕೆ. ಇದರ ಕಾಯ್ದೆ ದೇಶಕ್ಕೆಲ್ಲ ಒಂದೇ, 1932ರದು. ದಾಖಲಿಸಿಕೊಳ್ಳುವುದು ಮಾತ್ರ ರಾಜ್ಯದ ನೋಂದಣಿ ಮತ್ತು ಮುದ್ರಾಂಕ ಇಲಾಖೆ.

2. ಸಂಶಯ

ಪಾಲುದಾರಿಕೆಯನ್ನು ನೋಂದಾಯಿಸಬೇಕೋ ಬೇಡವೋ? ಮಾಡಲೇಬೇಕೆಂದು ಕಾಯ್ದೆ ಎಲ್ಲಿಯೂ ಹೇಳುವುದಿಲ್ಲ. ನಾಲ್ಕು ಪಂಥಗಳು ಹುಟ್ಟಿದ್ದು ಈ ಮೌನದಿಂದ.

3. ಪೂರ್ವಪಕ್ಷ

ಇಂಡಿ ಪಂಥ: “ನಿಂಬಿಹಣ್ಣಿಗೇ ಜಿಐ ರಜಿಸ್ಟರ್ ಆಗ್ಯಾದ, ಮಾರಾಂವ್ಗ ಮತ್ತ ಬ್ಯಾರೆ ಯಾಕ್ರಿ?” ಭೌಗೋಳಿಕ ಸೂಚಕದ ಪುಣ್ಯವು ಹಣ್ಣಿನಿಂದ ಬುಟ್ಟಿಗೂ ಬುಟ್ಟಿಯಿಂದ ಮಾಲೀಕನಿಗೂ ಇಳಿದುಬರುತ್ತದೆ ಎಂಬುದು ಇವರ ಮತ.

ಸಿಂದಗಿ ಪಂಥ: ದಲಾಲಿ ಅಂಗಡಿಯ ಖಾತೆ ಪುಸ್ತಕದಲ್ಲಿ ನಮ್ಮ ಹೆಸರುಂಟು, ದೀಪಾವಳಿಗೆ ಅದಕ್ಕೆ ಪೂಜೆಯೂ ಆಗಿದೆ. ಕುಂಕುಮ ಬಿದ್ದ ಲೆಕ್ಕ ಸುಳ್ಳಾಗುವುದುಂಟೆ?

ಮುದ್ದೇಬಿಹಾಳ ಪಂಥ ಇತಿಹಾಸವನ್ನೇ ಪ್ರಮಾಣವಾಗಿ ಒಡ್ಡುತ್ತದೆ. ತಾಳಿಕೋಟೆ ಹಿಂದೆ ಇದೇ ತಾಲ್ಲೂಕಿನದು. ಆ ಊರಿನ ಹೆಸರು ಹೊತ್ತ 1565ರ ಯುದ್ಧಕ್ಕೆ ಬಿಜಾಪುರ, ಅಹ್ಮದನಗರ, ಗೋಲ್ಕೊಂಡ, ಬೀದರಗಳ ಸುಲ್ತಾನರು ಕೂಡಿದಾಗ ರಿಜಿಸ್ಟ್ರಾರರನ್ನು ಕೇಳಿದರೇ? ಬೀಗತನ ಸಾಕಾಯಿತು. ಅಹ್ಮದನಗರದ ಚಾಂದಬೀಬಿ ಬಿಜಾಪುರಕ್ಕೆ ಸೊಸೆಯಾಗಿ ಬಂದಳು, ಸೊಲ್ಲಾಪುರದ ಕೋಟೆ ವರದಕ್ಷಿಣೆಯಾಗಿ ಬಂತು, ಕೆಲಸ ಆಯಿತು.

ಬಾಗೇವಾಡಿ ಪಂಥ: ಬಸವಣ್ಣನವರು ಹುಟ್ಟಿದ ನೆಲದಲ್ಲಿ ಕಾಯಕ ಸಾಕು, ಕಾಗದ ಬೇಡ.

4. ಸಿದ್ಧಾಂತ

ಕೊನೆಯವರಿಂದ ಆರಂಭಿಸೋಣ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಲೆಕ್ಕಪತ್ರ ಬೇಡವೆಂಬ ಮಾತನ್ನು ಅವರ ತಲೆಗೆ ಕಟ್ಟುವುದು ಶರಣದ್ರೋಹ. ಮುದ್ದೇಬಿಹಾಳದವರು ಯುದ್ಧದ ತನಕ ಓದಿ ಪುಸ್ತಕ ಮುಚ್ಚಿದ್ದಾರೆ: ಗೆದ್ದ ಮೇಲೆ ಬಿಜಾಪುರವೂ ಅಹ್ಮದನಗರವೂ ಮತ್ತೆ ಹೊಡೆದಾಡಿದವು. ಸಿಂದಗಿಯ ಖಾತೆ ದಲಾಲಿಯವರದು, ಅದರಲ್ಲಿ ಇರುವುದು ನಮ್ಮ ಸಾಲ. ಇಂಡಿಯವರಿಗೆ ಉತ್ತರವಿಷ್ಟೆ: ನಿಂಬೆಹಣ್ಣು ತನ್ನ ಪಾಲುದಾರನ ಮೇಲೆ ದಾವೆ ಹೂಡಬೇಕಾಗಿಲ್ಲ.

ಈಗ ಮೂಲಸೂತ್ರ, ಕಲಂ 69. ನೋಂದಣಿಯಾಗದ ದಂಧೆಯವರು ಉದ್ರಿ ಒಯ್ದ ಗಿರಾಕಿಯ ಮೇಲೆ ಕೋರ್ಟಿಗೆ ಹೋಗುವಂತಿಲ್ಲ; ಗಿರಾಕಿ ಇವರ ಮೇಲೆ ಹೋಗಬಹುದು. ಕರಾರಿನಂತೆ ನಡೆ ಎಂದು ಪಾಲುದಾರನು ಪಾಲುದಾರನ ಮೇಲೆ ದಾವೆ ಹಾಕುವಂತಿಲ್ಲ. ದಂಧೆ ಮುರಿದುಕೊಂಡು ಲೆಕ್ಕ ಕೇಳುವುದಾದರೆ ಹಾಕಬಹುದು. ಅಂದರೆ ಕೂಡಿ ಬಾಳಲು ಕೋರ್ಟಿನ ಬಾಗಿಲು ಮುಚ್ಚಿದೆ, ಬೇರೆಯಾಗಲು ತೆರೆದಿದೆ. ಕಾಯ್ದೆ 1932ರ ಅಕ್ಟೋಬರ್ 1ರಂದು ಜಾರಿಗೆ ಬಂದರೂ ಈ ಒಂದು ಕಲಮನ್ನು ಮಂದಿಗೆ ಪುರುಸೊತ್ತು ಇರಲೆಂದು 1933ರ ಅಕ್ಟೋಬರ್ 1ಕ್ಕೆ ಮುಂದೂಡಿದರು. ಮುಂಬಯಿ ಪ್ರಾಂತದ ಕಾಲದಲ್ಲಿ ಸಿಕ್ಕ ಆ ಪುರುಸೊತ್ತು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇನ್ನೂ ಮುಗಿದಿಲ್ಲ.

ಉಪಸೂತ್ರಗಳು ಮೂರು. ಕಲಂ 13: ಕರಾರಿಲ್ಲದಿದ್ದರೆ ಲಾಭ ನಷ್ಟ ಸಮಪಾಲು. ಎರಡು ಲಕ್ಷ ಹಾಕಿದ ಅಳಿಯನೂ, “ನಾ ಅದೀನಲ್ಲ, ನೀ ನಡಸು” ಎಂದು ಬರೀ ಧೈರ್ಯ ಹಾಕಿದ ಮಾವನೂ ಕಾಯ್ದೆಯ ಮುಂದೆ ಸಮಾನರು. ಕಲಂ 42: ಬೇರೆ ಕರಾರಿಲ್ಲದಿದ್ದರೆ ಒಬ್ಬ ಪಾಲುದಾರ ತೀರಿಕೊಂಡ ಗಳಿಗೆಗೆ ದಂಧೆಯೂ ವಿಸರ್ಜನೆ; ದಿನಕರ್ಮಕ್ಕೆ ಬಂದ ಮಂದಿಯಲ್ಲಿ ಲೆಕ್ಕದವರು ಯಾರು, ಅಳುವವರು ಯಾರು ಎಂದು ಗುರುತಿಸುವುದು ಕಷ್ಟ. ಕಲಂ 58: ಹೆಸರಿನಲ್ಲಿ ಕಿಂಗ್, ಕ್ವೀನ್, ರಾಯಲ್, ಎಂಪರರ್ ಎಂಬ ಶಬ್ದಗಳಿದ್ದರೆ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಬೇಕು. ಗೋಳಗುಮ್ಮಟದ ಜಿಲ್ಲೆಯಲ್ಲಿ ‘ರಾಯಲ್ ಕಡಕ್ ರೊಟ್ಟಿ ಕೇಂದ್ರ’ ನೋಂದಣಿ ಆಗಬೇಕಾದರೆ ಅಪ್ಪಣೆ ಬೆಂಗಳೂರಿನಿಂದ ಬರಬೇಕು.

ಹೀಗೆ ಸಿದ್ಧವಾಯಿತು: ನೋಂದಣಿ ದಂಧೆಗಾಗಿ ಅಲ್ಲ, ಜಗಳಕ್ಕಾಗಿ, ಅದನ್ನು ಜಗಳಕ್ಕೆ ಮುಂಚೆಯೇ ಮಾಡಿಸಬೇಕು. ಅದಕ್ಕೇ ಯಾರೂ ಮಾಡಿಸುವುದಿಲ್ಲ. ಮುಂಚೆ ಕೇಳಿದರೆ, “ನಮ್ಮ ಮ್ಯಾಲ ನಂಬಿಕಿ ಇಲ್ಲೇನು?” ಎಂಬ ಜಗಳ ಅಂದೇ ಶುರು.

5. ಫಲಶ್ರುತಿ

ಇದನ್ನು ಓದಿ ಬಾಂಡ್ ಪೇಪರ್ ತಂದವನೊಡನೆ ಬೀಗರು ಎಂಟು ದಿನ ಮಾತು ಬಿಡುವರು. ತರದವನೊಡನೆ ಬೀಗರ ಮೊಮ್ಮಕ್ಕಳೂ ಬಿಡುವರು.