ಬೇಸಿಗೆ ರಜೆಗೆ ಹೋಗುವ ಗಿಡ

ದುಬೈಯಲ್ಲಿ ಬಿಸಿಲಿಗೆ ಬರವಿಲ್ಲ. ಆದರೆ ಕರಾಮದಲ್ಲಿ ಅದು ಎಲ್ಲರ ಮನೆಗೂ ಬರುವುದಿಲ್ಲ. ಈ ಹಳೆಯ ಬಡಾವಣೆಯಲ್ಲಿ ಕಟ್ಟಡಗಳು ಒತ್ತೊತ್ತಾಗಿ ನಿಂತಿವೆ. ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿ ಸಿಕ್ಕವರಿಗೆ ಚಳಿಗಾಲವಿಡೀ ನೇರ ಬಿಸಿಲಿನ ಒಂದು ಎಳೆಯೂ ಇಲ್ಲ. ಎಸಿಯ ಪೆಟ್ಟಿಗೆ, ಬಟ್ಟೆ ಒಣಗಿಸುವ ಸ್ಟ್ಯಾಂಡು, ಊರಿಗೆ ಹೊರಟಾಗ ಮಾತ್ರ ಧೂಳು ಕೊಡವಿಸಿಕೊಳ್ಳುವ ಸೂಟ್‌ಕೇಸು, ಇವೆಲ್ಲ ಕೂತು ಮಿಕ್ಕ ಜಾಗದಲ್ಲಿ ನಮ್ಮವರು ತೋಟ ಮಾಡುತ್ತಾರೆ. ಪೇಂಟ್ ಬಕೆಟ್ಟಿನಲ್ಲಿ ಕರಿಬೇವು, ಮೊಸರಿನ ಡಬ್ಬಿಯಲ್ಲಿ ದೊಡ್ಡಪತ್ರೆ, ಕಂಬಿಗೆ ಹಬ್ಬಿಸಿದ ಬಸಳೆ. ಮಲ್ಲಿಗೆಯೂ ಉಂಟು. ಬಿಸಿಲು ಕಾಣದೆ ಅದು ಬರೀ ಎಲೆ ಬಿಡುತ್ತದೆ. ಊರಿನ ಗಿಡವಲ್ಲವೇ, ಬೈಯುವಂತಿಲ್ಲ.

ಇಂಥ ನೆರಳಿಗೆಂದೇ ಹೇಳಿ ಮಾಡಿಸಿದ ಹೂವು ಸೈಕ್ಲಮೆನ್. ಮೆಡಿಟರೇನಿಯನ್ ಸುತ್ತಲಿನ ಕಾಡುಗಳಲ್ಲಿ ಮರದ ಬುಡದಲ್ಲಿ, ಕಲ್ಲಿನ ಸಂದಿಯಲ್ಲಿ ಬೆಳೆಯುವ ಗೆಡ್ಡೆ ಗಿಡ. ಇಪ್ಪತ್ತಕ್ಕೂ ಹೆಚ್ಚು ಜಾತಿಗಳಿವೆ. ಯುರೋಪಿನ ತೋಟಗಾರರು ಮನೆಯ ಹಿಂಬದಿಯ ನೆರಳಿಗೆ ಆರಿಸಿಕೊಳ್ಳುವುದು ಸೈಕ್ಲಮೆನ್ ಹೆಡೆರಿಫೋಲಿಯಮ್ ಎಂಬ ಜಾತಿಯನ್ನು. ಅದರ ಶಿಸ್ತೇ ತಿರುಗುಮುರುಗು. ಬೇಸಿಗೆಯಲ್ಲಿ ಎಲೆಯನ್ನೆಲ್ಲ ಕಳಚಿಕೊಂಡು ಮಣ್ಣೊಳಗೆ ಮಲಗುತ್ತದೆ. ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ಎದ್ದು, ಎಲೆಗೂ ಕಾಯದೆ ನೇರವಾಗಿ ಹೂ ಬಿಡುತ್ತದೆ. ಎಸಳುಗಳು ಹಿಂದಕ್ಕೆ ಮಡಚಿಕೊಂಡು ಆಕಾಶಕ್ಕೆ ಎದ್ದರೆ ಹೂವಿನ ಬಾಯಿ ನೆಲವನ್ನೇ ನೋಡುತ್ತಿರುತ್ತದೆ. ಬೆಳ್ಳಿಯ ಚಿತ್ತಾರ ಬಿಡಿಸಿದ ಎಲೆಗಳು ಆಮೇಲೆ, ಸಾವಕಾಶವಾಗಿ. ಕಾಯಿ ಕಟ್ಟಿದ ಮೇಲಿನ ಆಟ ಇನ್ನೂ ಚೆಂದ: ಹೂವಿನ ತೊಟ್ಟು ಸುರುಳಿ ಸುತ್ತುತ್ತ ಕಾಯನ್ನು ನೆಲಕ್ಕೆಳೆದು ಕೂರಿಸುತ್ತದೆ. ಬೀಜದ ಮೇಲಿನ ಸಿಹಿ ಅಂಟಿಗೆ ಇರುವೆಗಳು ಬರುತ್ತವೆ, ಹೊತ್ತೊಯ್ದು ಎಲ್ಲೆಲ್ಲೋ ಬಿಡುತ್ತವೆ. ಬಿತ್ತನೆಯ ಕೂಲಿ ಸಕ್ಕರೆಯಲ್ಲೇ ಚುಕ್ತಾ.

ಕರಾಮದ ಕನ್ನಡಿಗರ ಕ್ಯಾಲೆಂಡರೂ ಇದೇ ತಾನೆ! ಜುಲೈ ಬಂತೆಂದರೆ ಭಾರತೀಯ ಶಾಲೆಗಳಿಗೆ ರಜೆ. ಹೆಂಡತಿ ಮಕ್ಕಳು ಮಂಗಳೂರಿಗೋ ಬೆಂಗಳೂರಿಗೋ ಹಾರುತ್ತಾರೆ. ಉಳಿದ ಗಂಡಸು ಎಸಿ ಕೋಣೆಯಲ್ಲಿ ಗೆಡ್ಡೆಯಾಗುತ್ತಾನೆ. ಇಲ್ಲಿನ ಸರ್ಕಾರವೂ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಯಲು ಬಿಸಿಲಿನ ಕೆಲಸವನ್ನು ನಿಷೇಧಿಸುತ್ತದೆ. 2013ರ ಪ್ರೇಮಿಗಳ ದಿನದಂದು ಬಾಗಿಲು ತೆರೆದ ದುಬೈ ಮಿರಾಕಲ್ ಗಾರ್ಡನ್ ಕೂಡ ಬೇಸಿಗೆಯಲ್ಲಿ ಬಾಗಿಲು ಹಾಕಿಕೊಳ್ಳುತ್ತದೆ. ಆಗಸ್ಟ್ ಕೊನೆಯ ವಾರ ಸುಹೈಲ್ ನಕ್ಷತ್ರ ಮೂಡಿದರೆ ಸೆಕೆಯ ಸೊಕ್ಕು ಮುರಿಯಿತೆಂದು ಎಮಿರಾತಿ ಹಿರಿಯರ ಲೆಕ್ಕ. ನಮ್ಮ ಅಗಸ್ತ್ಯ ನಕ್ಷತ್ರವೇ ಅದು. ಕರಾಮದ ಅಂಗಡಿ ಬೋರ್ಡುಗಳ ಬೆಳಕಿನಲ್ಲಿ ಅಗಸ್ತ್ಯ ಕಾಣುವುದಿಲ್ಲ, ಆ ಮಾತು ಬೇರೆ. ಹೆಡೆರಿಫೋಲಿಯಮ್ ತನ್ನೂರಿನಲ್ಲಿ ಮೊಗ್ಗು ತೆಗೆಯುವುದೂ ಸರಿಸುಮಾರು ಅದೇ ಹೊತ್ತಿಗೆ.

ಮಳೆಯಲ್ಲೂ ಜಾತಕ ಕೂಡುತ್ತದೆ. ಮಲ್ಲಿಗೆ, ಬಸಳೆಗಳ ಮೈಯಲ್ಲಿರುವುದು ಮುಂಗಾರು. ದುಬೈಗೆ ಬೀಳುವ ನಾಲ್ಕು ಹನಿ ಚಳಿಗಾಲದ್ದು, ಮೆಡಿಟರೇನಿಯನ್ನಿನ ಮಳೆಯೂ ಚಳಿಗಾಲದ್ದೇ.

ಇಷ್ಟೆಲ್ಲ ಕೂಡಿದ ಮೇಲೂ ಒಂದು ದೋಷ ಉಳಿಯುತ್ತದೆ. ಹೆಡೆರಿಫೋಲಿಯಮ್ ಗಟ್ಟಿ ಗಿಡವೆಂದು ಹೊಗಳಿಸಿಕೊಂಡದ್ದು ಹಿಮವನ್ನು ತಡೆದುಕೊಂಡು. ಕರಾಮದಲ್ಲಿ ಆ ಗುಣ, ಊರಿಂದ ಅಜ್ಜಿ ಹೆಣೆದು ಕಳಿಸಿದ ಉಣ್ಣೆಯ ಸ್ವೆಟರಿನಂತೆ: ಪ್ರೀತಿ ದೊಡ್ಡದು, ಉಪಯೋಗ ಸೊನ್ನೆ. ಇಲ್ಲಿ ಸೆಪ್ಟೆಂಬರಿನಲ್ಲೂ ಹಗಲಿನ ತಾಪ 40ರ ಆಸುಪಾಸು. ಹೂ ಬಿಡೋಣವೆಂದು ಮೂತಿ ಹೊರಹಾಕಿದ ಮೊಗ್ಗು ಅಲ್ಲೇ ಬಾಡುತ್ತದೆ. ಹಾಗಾಗಿ ಕರಾಮಕ್ಕೆ ಸಲ್ಲುವುದು ಇದರ ದಾಯಾದಿ, ಸೈಕ್ಲಮೆನ್ ಪರ್ಸಿಕಮ್. ಟರ್ಕಿ, ಸಿರಿಯಾ, ಲೆಬನಾನ್, ಜೋರ್ಡಾನ್ ಕಡೆಯ ಗುಡ್ಡಗಳದ್ದು. ಅಂಗಡಿಯ ಕುಂಡಗಳಲ್ಲಿ ಕಾಣುವ ದೊಡ್ಡ ಹೂವಿನ ತಳಿಗಳೆಲ್ಲ ಇದರ ಸಂತಾನ. ಹಿಮಕ್ಕೆ ಇದು ಹೆದರುತ್ತದೆ. ಹೆದರಲಿ, ಇಲ್ಲಿ ಹಿಮ ಬೀಳುವುದು ಮಾಲ್‌ನೊಳಗೆ ಮಾತ್ರ. ಜನವರಿಯ ಕರಾಮ, ಹಗಲು ಸುಮಾರು 24 ಡಿಗ್ರಿ, ರಾತ್ರಿ 14–15. ಇದಕ್ಕೆ ಅಷ್ಟು ಸಾಕು.

ಪಕ್ಕದ ಸತ್ವಾದಲ್ಲಿ ಪ್ಲಾಂಟ್ ಸ್ಟ್ರೀಟ್ ಎಂದೇ ಹೆಸರಾದ ಬೀದಿಯಿದೆ. ಅಲ್ಲಿ ಗಿಡ ಕೊಂಡವರ ಮೊದಲ ಪ್ರಶ್ನೆ ನೀರಿನದು. ಕನ್ನಡದ ಗೃಹಿಣಿಗೆ ಗಿಡದ ಮೇಲಿನ ಮಮತೆ ತೋರಿಸಲು ಚೊಂಬೇ ಬೇಕು. ನೆತ್ತಿಯ ಮೇಲೆ ಹೊಯ್ದರೇ ತೃಪ್ತಿ. ಸೈಕ್ಲಮೆನ್‌ಗೆ ಈ ಅಭ್ಯಂಜನವೇ ಕಂಟಕ. ಎಲೆ, ಮೊಗ್ಗು ಹೊರಡುವ ನೆತ್ತಿ ಒದ್ದೆಯಾದರೆ ಬೂಷ್ಟು ಹಿಡಿದು ಕೊಳೆಯುತ್ತದೆ. ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು, ಅರ್ಧ ಗಂಟೆ ಕೆಳಗಿನಿಂದ ಕುಡಿಸಿ, ಉಳಿದದ್ದನ್ನು ಚೆಲ್ಲಬೇಕು. ಎಸಿಯ ಪೈಪಿಗೆ ಬಕೆಟ್ ಇಟ್ಟು ಹಿಡಿದ ನೀರಿದ್ದರೆ ಒಳ್ಳೆಯದೇ, ಅದರಲ್ಲಿ ಉಪ್ಪಿನಂಶ ಇಲ್ಲವೆನ್ನುವಷ್ಟು ಕಡಿಮೆ. ಚೆಲ್ಲುವಾಗ ಕೆಳಗಿನ ಮನೆಯವರ ಒಣಹಾಕಿದ ಅಂಗಿ ನೋಡಿಕೊಂಡು ಚೆಲ್ಲಿದರೆ ನೆರೆಹೊರೆಯೂ ಹಸಿರಾಗಿರುತ್ತದೆ.

ಏಪ್ರಿಲ್ ಬಂದು ಎಲೆ ಹಳದಿಯಾದಾಗ ಗಿಡ ಸತ್ತಿತೆಂದು ಕಸದ ಡಬ್ಬಿಗೆ ಹಾಕುವವರೇ ಹೆಚ್ಚು. ಸತ್ತಿಲ್ಲ, ರಜೆಗೆ ಹೊರಟಿದೆ. ನೀರು ನಿಲ್ಲಿಸಿ, ಒಣಗಿದ ಗೆಡ್ಡೆಯನ್ನು ಕುಂಡದ ಸಮೇತ ಮನೆಯೊಳಗೆ ತಂಪಾದ ಮೂಲೆಯಲ್ಲಿಡಬೇಕು. ಬಾಲ್ಕನಿಯಲ್ಲಿ ಬಿಟ್ಟರೆ ಜುಲೈಗೆ ಅದು ಬೇಯುತ್ತದೆ; ಎಸಿ ಆರಿಸಿ ಊರಿಗೆ ಹೋದ ಮನೆಯೊಳಗೂ ಹಣೆಬರಹ ಅದೇ. ಗೆಡ್ಡೆಯನ್ನು ಎಸಿ ಬಿಡದ ಸ್ನೇಹಿತನ ಮನೆಗೆ ಸಾಗಿಸುವುದೇ ಜಾಣತನ. ನವೆಂಬರಿನಲ್ಲಿ, ರಾಜ್ಯೋತ್ಸವದ ಗದ್ದಲ ಮುಗಿದ ಮೇಲೆ, ಹೊಸ ಮಣ್ಣಿನಲ್ಲಿ ಅರ್ಧ ಗೆಡ್ಡೆ ಮೇಲೆ ಕಾಣುವಂತೆ ನೆಟ್ಟು ಮೆಲ್ಲಗೆ ನೀರು ಕೊಡಬಹುದು. ಎಲ್ಲವೂ ಏಳುತ್ತವೆಂಬ ಖಾತ್ರಿ ಇಲ್ಲ.

ಕೊಳ್ಳುವವರು ನರ್ಸರಿಯಲ್ಲಿ ಬೆಳೆಸಿದ ಗಿಡವನ್ನೇ ಕೊಳ್ಳಿ. ಕಾಡಿನಿಂದ ಕಿತ್ತ ಗೆಡ್ಡೆಗಳ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಕಡಿವಾಣವಿದೆ. ಇನ್ನೊಂದು ಮಾತು. ಈ ಗೆಡ್ಡೆ ಹೊಟ್ಟೆಗೆ ಹೋದರೆ ವಿಷ, ಮನೆಯ ಬೆಕ್ಕಿಗೂ. ನೋಡಲು ಮಾತ್ರ ಮರಿ ಸುವರ್ಣಗೆಡ್ಡೆಯೇ. ಬೇಸಿಗೆಗೆ ಎತ್ತಿಡುವಾಗ ಮೇಲೆ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲೇ, ಹೆಸರು ಬರೆದಿಡಿ. ವಿಸಿಟ್ ವೀಸಾದಲ್ಲಿ ಬಂದ ಅತ್ತೆಯವರು ಮಧ್ಯಾಹ್ನದ ಸಾಂಬಾರಿಗೆ ಏನಾದರೂ ಹುಡುಕುತ್ತಿರುತ್ತಾರೆ.